ಅಂಡಗಿಯೊಳಗಿನ ಮನುಷ್ಯ

ಅಂಡಗಿ ಎಂದರೇನೆಂದು ಮೊನ್ನೆ ಒಬ್ಬ ಮಾಸ್ತರರು ನನಗೇ ಕಲಿಸಲು ಬಂದರು. ಹಿಂದೆ ಎತ್ತಿನ ಬೆನ್ನ ಮೇಲೆ ಆಚೆಗೊಂದು ಈಚೆಗೊಂದು ಚೀಲ ಹಾಕುತ್ತಿದ್ದರಂತೆ. ಅದರಲ್ಲಿ ಒಂದು ಚೀಲಕ್ಕೆ ಅಂಡಗಿ, ಎರಡೂ ಸೇರಿದರೆ ಹೇರು. ಚಕ್ಕಡಿ ಬಂದ ಮೇಲೆ ಆ ಹೆಸರು ಹತ್ತಿ ತುಂಬುವ ದೊಡ್ಡ ಚೀಲಕ್ಕೆ ಉಳಿಯಿತಂತೆ. ಎಲ್ಲ ಖರೆ. ಆದರೆ ಅದರೊಳಗೆ ಒಬ್ಬ ಮನುಷ್ಯ ನಿಂತಿರುತ್ತಾನೆ ಎಂಬುದು ಅವರ ಪುಸ್ತಕದಲ್ಲಿ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಆ ಮನುಷ್ಯ ನನ್ನ ಅಪ್ಪ. ತಿಕೋಟಾದ ಸಾವ್ಕಾರನ ಅಂಗಳದಲ್ಲಿ ಎರಡು ಕಂಬಗಳ ನಡುವೆ ಅಂಡಗಿ ತೂಗುಹಾಕಿದರೆ, ಅಪ್ಪ ಒಳಗಿಳಿದು ಹತ್ತಿ ತುಳಿಯುತ್ತಿದ್ದ. ನಾನು ಚಕ್ಕಡಿಯ ಮೇಲೆ ನಿಂತು ಬುಟ್ಟಿಯಿಂದ ಸುರಿಯುತ್ತಿದ್ದೆ. ಹತ್ತಿ ಏರಿದಂತೆ ಅವನೂ ಏರಿ, ಕೊನೆಗೆ ತಲೆ ಹೊರಗೆ ಬರುತ್ತಿತ್ತು. ಒಳಗಿದ್ದವನು ಹಾಡುತ್ತಲೇ ತುಳಿಯಬೇಕು, ಅದು ಪದ್ಧತಿ. ಹಾಡು ನಿಂತರೆ ಬುಟ್ಟಿ ಕೆಳಗಿಟ್ಟು ಹಣಿಕಿ ನೋಡಬೇಕು.

ಅದು ಯುದ್ಧದ ಕಾಲ. ವಿಜಾಪುರ ಸ್ಟೇಶನ್ನಿನಲ್ಲಿ ಸರಕಿಗೆ ರೈಲು ಡಬ್ಬಿ ಸಿಗುತ್ತಿರಲಿಲ್ಲ. ಹತ್ತು ಅಂಡಗಿಯ ಹತ್ತಿಯನ್ನು ಏಳರಲ್ಲಿ ತುರುಕಬೇಕೆಂದು ಸಾವ್ಕಾರ ಹಟ ಹಿಡಿದ. ಅಪ್ಪನಿಗೆ ಆಗಲೇ ದಮ್ಮು. ಬೇರೆಯವರು ಇಳಿಯಲಿ ಎಂದು ಅಪ್ಪ ಅಂದರೆ, ನಿನ್ನಷ್ಟು ಗಟ್ಟಿಯಾಗಿ ತುಳಿಯುವವರು ಯಾರಿದ್ದಾರೆ ಎಂದು ಸಾವ್ಕಾರ ಬೆನ್ನು ತಟ್ಟಿದ. ಅಷ್ಟಕ್ಕೇ ಅಪ್ಪ ಕರಗಿಹೋದ. ಆ ಸಿಟ್ಟು ನನಗೆ ಅಪ್ಪನ ಮೇಲೂ ಇದೆ.

ಅದಕ್ಕಿಂತ ಹೆಚ್ಚಿನದು ನನ್ನ ಮೇಲೆ. ಬಬಲೇಶ್ವರದ ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ತವರಿಗೆ ಬಂದಿದ್ದೆ. ಆವತ್ತು ಬೆಳಗ್ಗೆ ಅಪ್ಪ, ಈ ಕೆಲಸ ಮುಗಿಯಲಿ, ನಾನೇ ನಿನ್ನನ್ನು ಗಂಡನ ಮನೆಗೆ ಬಿಟ್ಟು ಬರುತ್ತೇನೆ ಎಂದಿದ್ದ. ನಾನು ಬಾಯಿಗೆ ಬಂದಂತೆ ಬೈದೆ. ಅವನೂ ಬೈದ. ಇಬ್ಬರೂ ಮಾತು ಬಿಟ್ಟೆವು. ಮಧ್ಯಾಹ್ನ ಹಾಡು ನಿಂತಾಗ ನಾನು ಅಂದುಕೊಂಡದ್ದು ಇಷ್ಟೇ: ಮೇಲೆ ನಿಂತವಳು ನಾನೆಂದು ಸೆಟೆದುಕೊಂಡಿದ್ದಾನೆ. ಸೆಟೆದುಕೊಳ್ಳಲಿ ಎಂದು ಮತ್ತೆರಡು ಬುಟ್ಟಿ ಸುರಿದೆ. ಹಣಿಕಿ ನೋಡಲಿಲ್ಲ.

ಮೂರನೆಯದನ್ನು ಎತ್ತುವಾಗ ಅಂಡಗಿ ಅಲುಗುತ್ತಿಲ್ಲವೆಂಬುದು ಕಣ್ಣಿಗೆ ಬಿತ್ತು. ಚೀರಿದೆ. ಆಳುಗಳು ಓಡಿಬಂದು ಅಂಡಗಿಯನ್ನು ನೆಲಕ್ಕಿಳಿಸಿದರು. ನಾನು ಕುಡಗೋಲು ತಂದೆ. ಸಾವ್ಕಾರ ಅಡ್ಡ ಬಂದ.

"ಚೀಲ ಹರೀಬ್ಯಾಡ್ರಿ, ಮ್ಯಾಲಿಂದ ಹತ್ತಿ ತಗೀರಿ."

ಅವನಿಗೆ ಚೀಲ ಕಂಡಿತು, ಒಳಗಿದ್ದ ಜೀವ ಕಾಣಲಿಲ್ಲ. ಕುಡಗೋಲನ್ನು ಅವನ ಕಡೆಗೇ ಎತ್ತಿದೆ. ಸರಿದ. ಚೀಲವನ್ನು ಉದ್ದಕ್ಕೆ ಸೀಳಿದೆ.

ಅಪ್ಪನ ಮೂಗು, ಬಾಯಿ ತುಂಬ ಹತ್ತಿ. ಬೆರಳು ಹಾಕಿ ತೆಗೆದೆ. ಬಹಳ ಹೊತ್ತಿನ ಮೇಲೆ ಕೆಮ್ಮಿ, ಕಣ್ಣು ಬಿಟ್ಟ. ದಮ್ಮು ಹೆಚ್ಚಾಗಿ ಕಾಲು ಕುಸಿದಿದ್ದವಂತೆ. ಆಗಲೂ ನಾನು ಸಿಟ್ಟಿನಿಂದಲೇ ಕೇಳಿದೆ, ಹಾಡು ಯಾಕೆ ಬಿಟ್ಟೆ, ನನ್ನ ಮೇಲಿನ ಹಟಕ್ಕೇನು ಎಂದು.

"ಹಾಡಾಕ ಉಸರ ಇರಲಿಲ್ಲವ್ವ. ಇದ್ದಷ್ಟ ಉಸರಿನ್ಯಾಗ ನಿನ್ನನ್ನ ಕರಿಯಾಕತ್ತಿದ್ದೆ" ಎಂದ.

ಆಮೇಲೆ ಅಪ್ಪ ಬಬಲೇಶ್ವರದ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ, ಆ ಎರಡು ಬುಟ್ಟಿಗಳ ಸಲುವಾಗಿ, ನಾನು ಬಾಯಿ ಮುಚ್ಚಿಕೊಂಡು ಹೋಗಿಬಿಡುತ್ತಿದ್ದೆ.