ಮಾವಿನಕುರ್ವೆಯಿಂದ ಬಂದ ಮರಿ

ಅರವತ್ತರ ದಶಕದ ಮೊದಲ ವರ್ಷಗಳು. ನಾವಾಗ ಹೊನ್ನಾವರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತ. ನನಗೆ ಹನ್ನೊಂದು ವರ್ಷ, ತಲೆಯೊಳಗೆ ನಾಯಿ ಬಿಟ್ಟರೆ ಬೇರೇನೂ ಇರಲಿಲ್ಲ. ಆರು ತಿಂಗಳು ಅತ್ತು, ಮುನಿಸಿಕೊಂಡು, ಒಂದು ದಿನ ಊಟವನ್ನೂ ಬಿಟ್ಟು (ಅಡುಗೆಮನೆಯಿಂದ ಎರಡು ದೋಸೆ ಕದ್ದು ತಿಂದದ್ದು ಬೇರೆ ಮಾತು) ಕೊನೆಗೂ ಅಪ್ಪನನ್ನು ಒಪ್ಪಿಸಿದೆ. ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಮಾತ್ರ ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ.

"ತಂದ್ರೆ ತನ್ನಿ. ನನ್ನ ಅಡುಗೆಮನೆ ಬಾಗ್ಲಿಗೆ ಬಪ್ಪಲಾಗ, ಅಷ್ಟೇಯ."

ಅಪ್ಪ ನನ್ನನ್ನು ಮೊದಲು ಕರೆದೊಯ್ದದ್ದು ಕುಮಟೆಯ ಸಂತೆಗೆ. ಒಬ್ಬ ಬುಟ್ಟಿಯಲ್ಲಿ ಮರಿಗಳನ್ನಿಟ್ಟು ಮಾರುತ್ತಿದ್ದ. ಅವು ಕಣ್ಣು ಬಿಟ್ಟು ನಾಲ್ಕು ದಿನವೂ ಆದಂತಿರಲಿಲ್ಲ. ತಾಯಿ ಎಲ್ಲಿ ಎಂದು ಅಪ್ಪ ಕೇಳಿದ್ದಕ್ಕೆ ಅವನು, "ತಾಯಿ ಎಂತಕ್ಕೆ ಒಡೆಯಾ, ಮರಿ ಕಂಡ್ರೆ ಸಾಲ್ದಾ?" ಎಂದ. ಅಪ್ಪ ನನ್ನ ಕೈ ಹಿಡಿದು ಸೀದಾ ಬಸ್ಸಿಗೆ ನಡೆದ. ಹೊನ್ನಾವರ ಮುಟ್ಟುವ ತನಕ ನಾನು ಅತ್ತೆ.

"ಹಾಲು ಬಿಡದ್ದ ಮರಿ ಬದುಕ್ತಿಲ್ಲೆ ಕೂಸೇ. ತಾಯಿ ತೋರ್ಸವ್ರ ಹತ್ರ ತಕಂಬನ," ಎಂದ ಅಪ್ಪ.

ಹಾಗೆ ತಾಯಿ ತೋರಿಸುವವಳು ಸಿಕ್ಕಿದ್ದು ಹೊಳೆಯ ನಡುಗಡ್ಡೆಯಾದ ಮಾವಿನಕುರ್ವೆಯಲ್ಲಿ. ಮೀನು ಒಣಗಿಸಿ ಮಾರುವ ಹೆಂಗಸು. ಅವಳ ಕಂದು ನಾಯಿ ನಾಲ್ಕು ಮರಿ ಹಾಕಿತ್ತು. ಮೂರು ಬೇರೆಯವರಿಗೆಂದು ಆಗಿಹೋಗಿದ್ದವು. ಉಳಿದದ್ದು ಒಂದು ಕಾಲಿಗಷ್ಟೇ ಬಿಳಿ ಸಾಕ್ಸ್ ಹಾಕಿಕೊಂಡಂತಿದ್ದ ಕೆಂಚು ಮರಿ. ಅಯ್ಯೋ, ಅದನ್ನು ಕಂಡದ್ದೇ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ!

"ಎರಡು ತಿಂಗಳು ತುಂಬ್ಲಿ. ಅನ್ನ ತಿನ್ನುಕೆ ಕಲಿಯದೆ ನಾ ಕೊಡುದಿಲ್ಲ," ಎಂದಳು ಅವಳು. ಇನ್ನೊಂದು ಕಟ್ಟಳೆಯೂ ಇತ್ತು. ಮರಿ ಒಯ್ಯುವವರು ಮೊದಲು ತಾಯಿಗೆ ಕೈಯಾರೆ ತಿನ್ನಿಸಬೇಕು. ತಿಂದು ಸುಮ್ಮನಿದ್ದರೆ ಮರಿ ಅವರದ್ದು. ಮುಖ ತಿರುಗಿಸಿದರೆ ಬಂದ ದೋಣಿಯಲ್ಲೇ ವಾಪಸ್ಸು. ಹಿಂದಿನ ವರ್ಷ ಮೂವರನ್ನು ಹಾಗೆ ಕಳಿಸಿದ್ದಳಂತೆ.

ಮನೆಯಲ್ಲಿ ನನ್ನ ತಯಾರಿ ಶುರುವಾಯಿತು. ಸೀಮೆಎಣ್ಣೆ ಡಬ್ಬಿ ಬರುವ ಮರದ ಪೆಟ್ಟಿಗೆ ತಂದು, ಒಳಗೆ ಚಾಚಿದ್ದ ಮೊಳೆಯನ್ನೆಲ್ಲ ಕಿತ್ತು, ಗೋಣಿ ಹಾಸಿದೆ. ಅಪ್ಪನ ಹಳೆಯ ಬೆಲ್ಟಿನಲ್ಲಿ ಕೊರಳಪಟ್ಟಿ ಮಾಡಿದೆ. ಅದು ಎಮ್ಮೆಗೂ ಸಾಲುವಷ್ಟು ದೊಡ್ಡದಾಯಿತು. ಹೆಸರನ್ನಂತೂ ದಿನಕ್ಕೊಂದು ಇಟ್ಟೆ. "ಕೂಸು ಹುಟ್ಟುವ ಮೊದಲೇ ಕುಲಾವಿ" ಎಂದು ಅಪ್ಪ ನಗುತ್ತಿದ್ದ.

ಎರಡು ತಿಂಗಳು ತುಂಬಿದ ದಿನವೇ ಅಪ್ಪನಿಗೆ ಕಾರವಾರಕ್ಕೆ ಹೋಗುವ ಕೆಲಸ ಬರಬೇಕೇ! ನಾಳೆ ಹೋದರೆ ಆಗದು. ಆ ದಿನ ನಾವು ಬಾರದಿದ್ದರೆ ಮರಿ ಅದನ್ನು ಕೇಳಿಟ್ಟಿದ್ದ ತದಡಿ ಊರಿನವರಿಗೆ ಎಂದು ಮೀನಿನ ಹೆಂಗಸು ಮೊದಲೇ ಹೇಳಿದ್ದಳು. ನಾನು ನೆಲಕ್ಕೆ ಬಿದ್ದು ಹೊರಳಾಡಿದ ಮೇಲೆ ಆಯಿ ಗೊಣಗುತ್ತ ಸೀರೆ ಬದಲಿಸಿದಳು. ತಾಯಿ ನಾಯಿಗೆಂದು ಮೊಸರನ್ನ ಕಲೆಸಿ ಡಬ್ಬಿಗೆ ತುಂಬಿಕೊಂಡೆವು.

ನಾಯಿ ಮೊಸರನ್ನವನ್ನು ಒಮ್ಮೆ ಮೂಸಿತು. ಸೀನಿತು. ಮುಖ ತಿರುಗಿಸಿ ಮಲಗಿತು.

ಹೆಂಗಸು ಸೊಂಟ ಹಿಡಿದು ನಕ್ಕಳು. "ಮರಿ ನಿಮ್ಮ ಮೊಸರನ್ನ ಕಲಿತದೆ ಅಮ್ಮಾ. ಈ ಮುದುಕಿ ಕಲೀತದಾ?" ಎನ್ನುತ್ತ ಒಂದು ಒಣ ಬಂಗಡೆ ಮುರಿದು ತಂದಳು.

"ಕೊಡಿ, ನಾ ಹಾಕ್ತೆ!" ಎಂದು ನಾನು ಕೈ ಚಾಚಿದೆ.

ಅವಳು ಕೊಡಲಿಲ್ಲ. "ನೀ ಶಾಲೆಗೆ ಹೋಗುದಿಲ್ವಾ ತಂಗೀ? ದಿನಾ ಇದಕ್ಕೆ ಅನ್ನ ಹಾಕುದು ಯಾರು?"

ನಾನು ಆಯಿಯ ಮುಖ ನೋಡಿದೆ. ಮೀನು ಪೇಟೆಯ ದಾರಿಯಲ್ಲಿ ಮೂಗಿಗೆ ಸೆರಗು ಹಿಡಿಯದೆ ನಡೆದವಳಲ್ಲ ನನ್ನ ಆಯಿ. ಮನೆಯಲ್ಲಿ ಈರುಳ್ಳಿಯನ್ನೂ ಹೆಚ್ಚುತ್ತಿರಲಿಲ್ಲ. ಮುಗಿಯಿತು, ಮರಿ ತದಡಿಗೆ ಹೋಯಿತು ಎಂದುಕೊಂಡೆ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಆಯಿ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಬಲಗೈ ಚಾಚಿದಳು.

ಹೆಂಗಸೇ ಗಾಬರಿಯಾದಳು. "ಎಡಗೈಯಾದ್ರೂ ಅಡ್ಡಿಲ್ಲ ಅಮ್ಮಾ."

"ಅನ್ನ ಹಾಕ ಕೈ ಇದೇಯ," ಎಂದಳು ಆಯಿ.

ಮೀನು ಅಂಗೈಗೆ ಬಿದ್ದಾಗ ಅವಳು ಕಣ್ಣು ಮುಚ್ಚಿಕೊಂಡಳು. ನಾಯಿ ಎದ್ದು ಬಂತು. ತಿಂದಿತು. ಬೆರಳುಗಳನ್ನೆಲ್ಲ ಒಂದೊಂದಾಗಿ ನೆಕ್ಕಿ ಅವಳ ಮೊಣಕಾಲಿಗೆ ತಲೆ ಒರಗಿಸಿತು. ಆಯಿ ಮೆಲ್ಲಗೆ ಕಣ್ಣು ಬಿಟ್ಟಳು.

"ಪಾಪ, ಹಶಿವಾಗಿತ್ತು ಕಾಣ್ತು. ಇನ್ನೊಂದು ತುಂಡು ಇದ್ದಾ?"

ನನಗೆ ಕುಣಿಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಹೆಂಗಸು ಕೆಂಚು ಮರಿಯನ್ನೆತ್ತಿ ತಂದು, ನಾನು ಎರಡೂ ಕೈ ಚಾಚಿ ನಿಂತಿದ್ದರೂ, ಆಯಿಯ ಮಡಿಲಿಗೇ ಹಾಕಿದಳು.

ದೋಣಿಯಲ್ಲಿ ಅದು ಆಯಿಯ ಸೆರಗಿನೊಳಗೆ ಗುಬ್ಬಚ್ಚಿಯಾಗಿ ಮಲಗಿತ್ತು. "ಒಂದ್ಸಲ ನಂಗೆ ಕೊಡೇ ಆಯಿ," ಎಂದು ದಡ ಮುಟ್ಟುವ ತನಕ ಗೋಗರೆದೆ.

"ತಡಿ ಕೂಸೇ, ನಿಂಗೆ ಹಿಡ್ಕಂಬ್ಲೆ ಬತ್ತಿಲ್ಲೆ," ಎಂದಳು. ಮನೆಗೆ ಬರುವವರೆಗೂ ಕೊಡಲಿಲ್ಲ.