ಮೋಟರ್ ನಂಜಣ್ಣ ಮುಚ್ಚಿಟ್ಟಿದ್ದು

"ಯಾವನ್ಲಾ ಈ ಕಡ್ಡಿ ಸಿಗಸ್ದೋನು?" ಅಂತ ಕಿರುಚ್ಕಂಡೇ ನಂಜಣ್ಣ ಪಂಪ್‌ಸೆಟ್ ಮನೆಯಿಂದ ಈಚೆಗ್ ಬಂದ.

ಕರೆಂಟು ಹೆಚ್ಚುಕಮ್ಮಿ ಆದ್ರೆ ಸ್ಟಾರ್ಟರ್ ತಾನಾಗೇ ಮೋಟರ್ ಆಫ್ ಮಾಡ್ತೈತೆ. ಪದೇ ಪದೇ ಆಫ್ ಆಯ್ತದೆ ಅಂತ ಜನ ಅದಕ್ಕೆ ಕಡ್ಡಿ ಸಿಗಸ್ಬುಡ್ತಾರೆ. ಮೋಟರ್ ಸುಟ್ಟೋಯ್ತದೆ.

"ತೆಂಗಿಗೆ ನೀರ್ ಬುಡ್ಬೇಕಲ್ಲ ನಂಜಣ್ಣ" ಅಂದ ತೋಟದೋನು.

"ಕಾಯೋನ ಬಾಯಿಗೆ ಬಟ್ಟೆ ತುರುಕಿ, ಮನೆ ಕಳವಾಯ್ತು ಅಂತ ಬಾಯ್ ಬಡ್ಕಂತೀಯಲ್ಲ, ನೀನೂ ಒಬ್ಬ ಯಜಮಾನ!"

ಗಂಡಸಿ ಊರ್ನಾಗೆ ಮೋಟರ್ ರಿಪೇರಿ ಅಂಗಡಿ ಅವಂದು. ಸ್ಕೂಲ್ ಬಿಟ್ಟು ಬಂದ ನಂಗೆ ಕೆಲಸ ಕಲಿಸ್ದ. ತಾಮ್ರದ ತಂತಿ ತಪ್ಪು ಸುತ್ತಿದ್ರೆ ತಲೆಗ್ ಮೊಟಕ್ತಿದ್ದ, ಆಮೇಲೆ ಬೋಂಡ ತರಿಸ್ತಿದ್ದ. ಬೈದ್ರೂ ಎದುರಿಗೇ ಬೈಯೋನು. ಮುಚ್ಚುಮರೆ ಇಲ್ಲ ಅನ್ಕಂಡಿದ್ದೆ.

ಒಂದ್ಸಲ ಅವಂಗೆ ಬಿಡದ ಕೆಮ್ಮು ಹಿಡೀತು. ನೋಡಿದ್ರೆ ಲಂಗ್ಸ್‌ನಾಗೆ ಕ್ಯಾನ್ಸರ್ ಗಡ್ಡೆ. ಹಾಸನದ ಡಾಕ್ಟ್ರಮ್ಮ ಬಿಡಿಸಿ ಹೇಳಿದ್ರು. "ಮೈಯಲ್ಲಿ ಕಾವಲು ಕಾಯೋ ಕಣಗಳಿರ್ತವೆ. ಗಡ್ಡೆ ಅವಕ್ಕೆ 'ನನ್ನ ಮುಟ್ಬೇಡಿ' ಅಂತ ಸಿಗ್ನಲ್ ಕೊಡುತ್ತೆ. ಅವು ಸುಮ್ನೆ ನಿಂತ್ಬಿಡ್ತವೆ. ಈ ಡ್ರಿಪ್ ಆ ಸಿಗ್ನಲ್ ತಡೆಯುತ್ತೆ."

"ಗಡ್ಡೆ ಸ್ಟಾರ್ಟರ್‌ಗೆ ಕಡ್ಡಿ ಸಿಗಸೈತೆ ಅನ್ನಿ. ನಿಮ್ಮ ಮದ್ದು ಕಡ್ಡಿ ಕೀಳ್ತದೆ" ಅಂದ ನಂಜಣ್ಣ.

ಡಾಕ್ಟ್ರಮ್ಮ ನಕ್ಕರು. "ಹಂಗೇ ಅನ್ಕೊಳ್ಳಿ. ಆದ್ರೆ ಎದ್ದ ಕಾವಲಿನೋರು ಒಂದೊಂದ್ಸಲ ಒಳ್ಳೇ ಜಾಗಕ್ಕೂ ಹೊಡೀತಾರೆ. ಏದುಸಿರು ಬಂದ್ರೆ ಅವತ್ತೇ ಹೇಳ್ಬೇಕು." ಜೊತೆಗ್ ಹೋಗಿದ್ದ ನನ್ ಕಡೆ ತಿರುಗಿ, "ನಿನ್ನ ಜವಾಬ್ದಾರಿ ಕಣಪ್ಪ" ಅಂದ್ರು.

ಗಡ್ಡೆ ಕರಗ್ತಾ ಬಂತು. ನಂಜಣ್ಣ ತಿರುಗಾ ಅಂಗಡಿಗೆ ಬಂದ. ನಾನು ದಿನಾ ಕೇಳ್ತಿದ್ದೆ, "ಉಸ್ರು ಹೆಂಗೈತಣ್ಣ?"

"ನಿನ್ ಮದ್ವೇಲಿ ವಾಲಗ ಊದೋಷ್ಟೈತೆ ಕಣ್ಲಾ ಸೀನ. ಮೊದ್ಲು ಹೆಣ್ ನೋಡೋಗು."

ನಂಬ್ದೆ.

ಒಂದ್ ಬೆಳಗ್ಗೆ ಅಂಗಡಿ ಮೆಟ್ಟಲ ಮೇಲೇ ಕುಸಿದ. ತುಟಿ ನೀಲಿ ಆಗಿತ್ತು. ಆಸ್ಪತ್ರೇಲಿ ಡಾಕ್ಟ್ರಮ್ಮ ನನ್ನೇ ಕೇಳಿದ್ರು, "ಏದುಸಿರು ಶುರುವಾಗಿ ಎಷ್ಟೋ ದಿನ ಆಗಿದೆ. ಯಾಕಪ್ಪ ಹೇಳ್ಲಿಲ್ಲ? ಆಗ್ಲೇ ಬಂದಿದ್ರೆ ಮಾತ್ರೇಲೇ ಹತೋಟಿಗೆ ತರಬಹುದಿತ್ತು."

ಆಕ್ಸಿಜನ್ ಹಾಕಿ ಮಲಗ್ಸಿದ್ರು. ಹತ್ರ ಹೋಗಿ "ಯಾಕಣ್ಣ?" ಅಂದೆ. ಮಕ ಗ್ವಾಡೆ ಕಡೆ ತಿರುಗಿಸ್ಕಂಡ. ಅದೇ ಕೊನೆ.

ತಿಥಿ ದಿನ ಅವನ ಹೆಂಡ್ತಿ ಗೌರಕ್ಕ ಬಾಯಿ ಬಿಟ್ಲು. "ಏದುಸ್ರು ಅಂದ್ರೆ ಆ ಮದ್ದು ನಿಲ್ಲಿಸ್ಬುಡ್ತಾರೆ, ಗಡ್ಡೆ ತಿರುಗಾ ಬೆಳೀತದೆ ಅಂತ ಹೆದರ್ಕಂಡ್ರು ಕಣಪ್ಪ. ಸೀನಂಗೆ ಮಾತ್ರ ಹೇಳ್ಬ್ಯಾಡ, ಅವ್ನು ಡಾಕ್ಟ್ರಿಗೆ ಹೇಳ್ಬುಡ್ತಾನೆ ಅಂತ ಆಣೆ ಹಾಕಿಸ್ಕಂಡ್ರು."

ಹೌದು, ಹೇಳ್ತಿದ್ದೆ. ಅದಕ್ಕೇ ಅಲ್ವಾ ನಾನು ಜೊತೆಗ್ ಹೋಗ್ತಿದ್ದಿದ್ದು?