ಸೂಗಮ್ಮನ ರೊಟ್ಟಿ ಉಂಡವರು ಪ್ರಶ್ನೆ ಕೇಳಲಿಲ್ಲ

ಹಲ್ಲಿನಿಂದಲೂ ಮನುಷ್ಯ ಸಾಯುತ್ತಾನೆ. ಇದು ನಿಮಗೆ ಗೊತ್ತಿರಬೇಕಾಗಿತ್ತು. ದವಡೆಯಲ್ಲಿ ಸೇರಿದ ಕೀವು ಗದ್ದದ ಕೆಳಗೆ ಇಳಿದು, ನಾಲಿಗೆಯನ್ನು ಮೇಲಕ್ಕೆ ನೂಕಿ, ಉಸಿರಿನ ದಾರಿ ಮುಚ್ಚುವುದಕ್ಕೆ ವಾರವೂ ಬೇಕಾಗಿಲ್ಲ. ಆದರೂ ಎದೆನೋವು ಅಂದರೆ ಹತ್ತು ಕಡೆ ವಿಚಾರಿಸುವ ನಾವು, ಹಲ್ಲುನೋವು ಅಂದರೆ ಯಾರನ್ನೂ ವಿಚಾರಿಸುವುದಿಲ್ಲ. ಹಲ್ಲು ತಾನೆ, ಏನಾಗುತ್ತೆ ಅನ್ನುತ್ತೇವೆ. ಹೈದರಾಬಾದಿನ ಮಲ್ಕಾಜ್‌ಗಿರಿಯ ಸೂಗಮ್ಮನೂ ಹಾಗೇ ಅಂದುಕೊಂಡಿದ್ದಳು.

ಸೂಗಮ್ಮ ಸೇಡಂ ಕಡೆಯ ಹೆಣ್ಣುಮಗಳು. ಗಂಡ ಅಮೃತಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಮೊದಲು ಸನತ್‌ನಗರದಲ್ಲಿ ಬಾಡಿಗೆ ಖೋಲಿ, ಆಮೇಲೆ ಮಲ್ಕಾಜ್‌ಗಿರಿಯಲ್ಲಿ ಸ್ವಂತದ್ದೊಂದು ಎರಡು ಕೋಣೆಯ ಮನೆ. ರೈಲು ಹೋದಾಗೆಲ್ಲ ಗೋಡೆಯ ಮಾಡದಲ್ಲಿನ ಪಾತ್ರೆ ಅಲುಗುತ್ತವೆ. ತರಕಾರಿಯವನ ಹತ್ತಿರ ತೆಲುಗು, ಪಕ್ಕದ ಮನೆಯವರ ಹತ್ತಿರ ಹಿಂದಿ, ಒಲೆಯ ಮುಂದೆ ಮಾತ್ರ ಕನ್ನಡ. ನಮ್ಮ ಕಡೆಯವರು ಆಸ್ಪತ್ರೆಗೋ ಪರೀಕ್ಷೆಗೋ ಕೋರ್ಟಿಗೋ ಹೈದರಾಬಾದಿಗೆ ಬಂದರೆ ಅವಳ ಮನೆಯಲ್ಲಿ ಊಟ ತಪ್ಪುತ್ತಿರಲಿಲ್ಲ. ಬಂದವರಿಗೆ ಮೊದಲು ನೀರು, ಆಮೇಲೆ ರೊಟ್ಟಿ, ಯಾರು ಎತ್ತ ಅನ್ನುವುದೆಲ್ಲ ಕೈತೊಳೆದ ಮೇಲೆ. ಹೆಚ್ಚು ಓದಿದವಳಲ್ಲ, ಹೆಚ್ಚು ಮಾತಿನವಳೂ ಅಲ್ಲ. ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬಿತು ಅಂದರೆ ಅವಳ ದಿನ ಒಳ್ಳೆಯದು, ಅಷ್ಟೆ.

ಇಂಥವಳ ಒಲೆಯನ್ನೂ ದಂಧೆಗೆ ಹಚ್ಚಬಹುದು ಅಂತ ಕಂಡುಕೊಂಡವರು ಇದ್ದಾರೆ. ಅವರು ಡಾಕ್ಟರರು.

ಎರಡು ಸಾವಿರದ ಏಳನೇ ಇಸವಿ. ಮಾದಾಪುರದ ಕಡೆ ಬಂಡೆ ಒಡೆದ ಜಾಗದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದವು. ಸೂಗಮ್ಮನ ಮಗ ಬಸವಕಿರಣ ಬಿ.ಕಾಂ. ಮುಗಿಸಿ, ಕಾಲ್ ಸೆಂಟರಿನಲ್ಲಿ ಒಂದಿಷ್ಟು ದಿನ ಇಂಗ್ಲಿಷ್ ತಿದ್ದಿಕೊಂಡು, ಬಂಜಾರಾ ಹಿಲ್ಸ್‌ನ ಒಂದು ಹಲ್ಲಿನ ಕ್ಲಿನಿಕ್ಕಿಗೆ ಸೇರಿದ. ಹೆಸರು ಬರೆಯುವುದಿಲ್ಲ, ಅಂಥವು ಈಗ ಊರ ತುಂಬ ಇವೆ. ಒಳಗೆ ಕಾಲಿಟ್ಟರೆ ಔಷಧದ ವಾಸನೆ ಇಲ್ಲ, ಕಾಫಿಯ ವಾಸನೆ. ಗೋಡೆಯಲ್ಲಿ ಮೀನು ಈಜುತ್ತವೆ. ಬರುವವರು ಮಸ್ಕತ್ತು, ದುಬೈ, ಡಲ್ಲಾಸ್‌ನಿಂದ. ಅಲ್ಲಿ ಹಲ್ಲು ಕಟ್ಟಿಸುವ ಖರ್ಚಿನಲ್ಲಿ ಇಲ್ಲಿ ಹಲ್ಲೂ ಆಗುತ್ತದೆ, ತೌರಿಗೂ ಹೋಗಿ ಬರಬಹುದು. ಅವರ ಫೋನು ಎತ್ತುವುದು, ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಹೆಸರಿನ ಫಲಕ ಹಿಡಿದು ನಿಲ್ಲುವುದು, ಗೆಸ್ಟ್ ಹೌಸಿಗೆ ಮುಟ್ಟಿಸುವುದು ಬಸವಕಿರಣನ ಕೆಲಸ. ಟೈ ಕಟ್ಟಿಕೊಂಡು ಹೊರಟ ಮಗನನ್ನು ನೋಡಿ ಅಮೃತಪ್ಪ ನಗುತ್ತಿದ್ದ. "ಅಪ್ಪನ ಬಾಯಾಗ ಒಂದು ಹಲ್ಲಿಲ್ಲ. ಮಗಾ ದುಬೈದವರಿಗೆ ಹಲ್ಲು ಹಚ್ಚಾಕ ಹೊಂಟಾನ."

ಒಮ್ಮೆ ಗಲ್ಫ್‌ನಿಂದ ಬಂದ ಕನ್ನಡದ ಕುಟುಂಬವೊಂದು ಖುರ್ಚಿ ಕಂಡು ಹೆದರಿ ಹಿಂದೇಟು ಹಾಕಿತು. ಬಸವಕಿರಣ ಅವರನ್ನು ಸುಮ್ಮನೆ ಮನೆಗೆ ಕರೆತಂದು ಅವ್ವನ ಕೈಯೂಟ ಹಾಕಿಸಿದ. ಮರುದಿನ ಅವರು ಯಾವ ಮಾತೂ ಆಡದೆ ಹೇಳಿದ್ದಕ್ಕೆಲ್ಲ ಒಪ್ಪಿದರು. ಕ್ಲಿನಿಕ್ಕಿನ ಮಾಲೀಕ ಡಾಕ್ಟರಿಗೆ ಇದು ತಿಳಿಯಿತು. ಅಲ್ಲಿಂದ ಮುಂದೆ ನಮ್ಮ ಕಡೆಯವರು ಯಾರೇ ಬರಲಿ, ಮೊದಲ ಊಟ ಸೂಗಮ್ಮನ ಮನೆಯಲ್ಲಿ. ಬೇಗಂ ಬಜಾರಿನಿಂದ ಜೋಳದ ಚೀಲ, ತೊಗರಿಬೇಳೆ, ಬೆಲ್ಲ ಕ್ಲಿನಿಕ್ಕಿನ ಲೆಕ್ಕದಲ್ಲಿ ಬಾಗಿಲಿಗೇ ಬಂದು ಬೀಳತೊಡಗಿತು. ಸೂಗಮ್ಮ ಅದನ್ನು ದಾಸೋಹ ಅಂದುಕೊಂಡಳು. ಆಫೀಸಿನಲ್ಲಿ ಅದಕ್ಕೆ 'ಹೋಮ್ ವಿಸಿಟ್' ಅಂತ ಹೆಸರಿತ್ತು.

ಎಂಥ ಲೆಕ್ಕ ನೋಡಿ. ನಾವು ಒಂದು ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನಾದ ಕೇಳುತ್ತೇವೆ. ಬದನೆಕಾಯಿ ತಿರುಗಿಸಿ ತೂತು ಹುಡುಕುತ್ತೇವೆ. ಆದರೆ ಉಂಡ ಮನೆಯವರನ್ನು ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಉಪ್ಪಿಗೆ ದ್ರೋಹ. ಕೊಯ್ಯುವವರು ಯಾರು, ಸಾಮಾನು ಎಲ್ಲಿ ಕುದಿಸುತ್ತೀರಿ, ನಾಳೆ ಬಾತರೆ ಯಾರ ಹತ್ತಿರ ಬರಲಿ, ಇವೆಲ್ಲ ಹೊಟ್ಟೆ ತುಂಬಿದ ಮೇಲೆ ಗಂಟಲಿನಲ್ಲೇ ಉಳಿಯುತ್ತವೆ. ಕ್ಲಿನಿಕ್ಕಿಗೆ ಬೇಕಾದದ್ದು ಅದೇ.

ವಿಜಯಶ್ರೀ ಹುಮನಾಬಾದಿನವಳು. ಗಂಡ ದಿನೇಶ ಮಸ್ಕತ್ತಿನ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಎರಡೂ ಕಡೆ ಕೆಳದವಡೆಯ ಹಲ್ಲು ಹಾಳಾಗಿ ಊಟ ಸೇರದೆ ಸೊರಗಿದ್ದಳು. ಕಂಪ್ಯೂಟರಿನಲ್ಲಿ ನಗುವ ಬಾಯಿಗಳ ಚಿತ್ರ ನೋಡಿ ಫೋನು ಮಾಡಿದಾಗ ಎತ್ತಿದವನು ಬಸವಕಿರಣ. ಹಿಂದಿಯಲ್ಲಿ ಶುರುವಾದ ಮಾತು ಎರಡನೇ ವಾಕ್ಯಕ್ಕೆ ಕನ್ನಡವಾಯಿತು, ಮೂರನೆಯದಕ್ಕೆ ಬೀದರ್ ಜಿಲ್ಲೆಯಾಯಿತು. ವಿಚಾರಣೆ ಅಲ್ಲಿಗೆ ಮುಗಿಯಿತು. ದಿನೇಶನಿಗೆ ರಜೆ ಸಿಗಲಿಲ್ಲ. ಅವಳೊಬ್ಬಳೇ ಬಂದಳು, ಮರಳಿ ಹೋಗುವ ಟಿಕೆಟ್ಟೂ ತೆಗೆದುಕೊಂಡೇ.

ಸೂಗಮ್ಮನ ಮನೆಯಲ್ಲಿ ಎಲೆ ಹಾಕುವ ಮುಂಚೆ ಅವಳು ಒಳಕೋಣೆಗೆ ಹೋಗಿ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಬಂದಳು. ಹೋಳಿಗೆ ಬೇಡವೆಂದಳು. ಸಕ್ಕರೆ ಕಾಯಿಲೆ ಹತ್ತು ವರ್ಷದ್ದು ಅಂತ ತಾನೇ ಹೇಳಿದಳು. ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಮುಂದಿನ ಹಲ್ಲಿನಿಂದ ತಿನ್ನುತ್ತಾ ಅಂದಳು:

"ಖರೇ ಹೇಳ್ತೀನ್ರಿ ಅವ್ವಾರ, ಬರೂ ಮುಂದ ಭಾಳ ಅಂಜಿಕಿ ಇತ್ತು. ಕೊಯ್ಯಾವ್ರು ಯಾರು, ಏನ್ ಕತಿ, ಎಲ್ಲಾ ಕೇಳಬೇಕಂತ ಮಾಡಿದ್ದೆ. ಸಿಕಂದರಾಬಾದಿನಾಗ ಇನ್ನೊಬ್ಬರಿಗೆ ತೋರಿಸಿ ಬರಬೇಕಂತಿದ್ದೆ. ನಿಮ್ಮನಿಗೆ ಬಂದ ಮ್ಯಾಲ ಇನ್ನೇನು ಕೇಳೂದು ಬಿಡ್ರಿ."

"ಉಣ್ಣು ಮಗಳ, ಮೊದಲು ಉಣ್ಣು" ಅಂದಳು ಸೂಗಮ್ಮ. ಬೆಣ್ಣೆ ಹಾಕಿದಳು.

ಆಕೆಯನ್ನು ಗೆಸ್ಟ್ ಹೌಸಿಗೆ ಬಿಟ್ಟು ಮಗ ತಿರುಗಿ ಬಂದಾಗ ಸೂಗಮ್ಮ ಒಂದು ಮಾತು ಹೇಳಿದಳು: ಆ ಹುಡುಗಿಗೆ ಸಕ್ಕರೆ ಇದೆ, ಸೂಜಿ ತಗೊಳ್ಳುತ್ತಾಳೆ, ಡಾಕ್ಟರಿಗೆ ಹೇಳು. ಹೇಳ್ತೀನಿ ಬಿಡವ್ವ ಅಂದ ಮಗ. ಅವಳು ಬಿಟ್ಟಳು.

ಕ್ಲಿನಿಕ್ಕಿನಲ್ಲಿ ಒಂದೇ ದಿನ, ಒಂದೇ ಸಲಕ್ಕೆ ಎರಡೂ ಕಡೆಯ ನಾಲ್ಕು ಹಲ್ಲು ಕಿತ್ತು, ಹೊಸ ಹಲ್ಲು ನಿಲ್ಲಿಸಲು ಎಲುಬಿನಲ್ಲಿ ನಾಲ್ಕು ಸ್ಕ್ರೂ ಕೂರಿಸಿದರು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಲಿಲ್ಲ. ಕೊಯ್ದವನು ಬೇರೆ ಊರಿನವನು. ಬೆಳಗಿನ ವಿಮಾನಕ್ಕೆ ಬಂದು ಸಂಜೆಯದಕ್ಕೆ ಹೋದ. ಗಾಯ ಒಣಗಲಿ, ಸಕ್ಕರೆ ಹದಕ್ಕೆ ಬರಲಿ, ಒಂದು ಕಡೆ ಆದ ಮೇಲೆ ಇನ್ನೊಂದು ಕಡೆ ನೋಡೋಣ ಅಂತ ಯಾರೂ ಅನ್ನಲಿಲ್ಲ. ಯಾಕೆಂದರೆ ಟಿಕೆಟ್ ಇತ್ತು. ದವಡೆಗೆ ಟಿಕೆಟ್ಟಿನ ತಾರೀಕು ಓದಲು ಬರುವುದಿಲ್ಲ ಅನ್ನುವುದು ಹಲ್ಲಿನ ಡಾಕ್ಟರಿಗೆ ಗೊತ್ತಿರಬೇಡವೆ?

ಬಾವು ಏರಿತು. ವಿಜಯಶ್ರೀ ಕ್ಲಿನಿಕ್ಕಿಗೆ ಫೋನು ಮಾಡಿದಳು. ಬಾವು ಎಲ್ಲರಿಗೂ ಬರುತ್ತದೆ, ಐಸ್ ಇಡಿ ಅಂದರು. ಮತ್ತೆ ಮಾಡಲಿಲ್ಲ. ಮನೆಮಗಳ ಹಾಗೆ ನೋಡಿಕೊಂಡವರಿಗೆ ಎಷ್ಟು ಸಲ ಕಾಡುವುದು ಅಂತ ಸಂಕೋಚ. ಮರುದಿನ ಭಾನುವಾರ, ಕ್ಲಿನಿಕ್ ಬಂದ್. ಅವಳಿಗೆ ಉಣ್ಣಲಾಗುತ್ತಿಲ್ಲವಂತೆ ಅಂತ ಮಗ ಅಂದದ್ದು ಕೇಳಿ ಸೂಗಮ್ಮ ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ತಾನೇ ಆಟೋ ಹತ್ತಿದಳು.

ಗೆಸ್ಟ್ ಹೌಸಿನ ಬಾಗಿಲು ತೆರೆದವಳನ್ನು ಅವಳು ಗುರುತಿಸಲಿಲ್ಲ. ಗದ್ದಕ್ಕೂ ಎದೆಗೂ ನಡುವೆ ಕುತ್ತಿಗೆ ಅನ್ನುವುದೇ ಇರಲಿಲ್ಲ. ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ನಾಲಿಗೆ ಮೇಲೆದ್ದು ಬಾಯಿ ಮುಚ್ಚುತ್ತಿರಲಿಲ್ಲ. ಜೊಲ್ಲು ನುಂಗಲಾಗದೆ ಟವೆಲ್ಲು ಹಿಡಿದಿದ್ದಳು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ ಮಾತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿಯೆಲ್ಲ ಕೂತೇ ಕಳೆದಿದ್ದಳು. ಸೂಗಮ್ಮ ಅವಳನ್ನು ತಬ್ಬಿ ಹಿಡಿದು ಅದೇ ಆಟೋದಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆಗೆ ಒಯ್ದಳು. ಅಲ್ಲಿಯ ಡಾಕ್ಟರರು ಓಡಿಬಂದು ಗಂಟಲಿಗೆ ತೂತು ಕೊರೆದು ಉಸಿರಿಗೆ ನಳಿಗೆ ಹಾಕಿದರು, ಕೀವು ತೆಗೆದರು. ನಿನ್ನೆ ಯಾಕೆ ತರಲಿಲ್ಲ ಅಂತ ಬೈದರು. ವಿಷ ರಕ್ತಕ್ಕೆ ಇಳಿದಿತ್ತು. ದಿನೇಶ ವಿಮಾನದಿಂದ ಇಳಿಯುವ ಹೊತ್ತಿಗೆ ಅವಳು ಇರಲಿಲ್ಲ.

ಆಗ ಕ್ಲಿನಿಕ್ಕಿನ ಮಾಲೀಕ ಡಾಕ್ಟರು ಸೂಗಮ್ಮನ ಮನೆಗೆ ಬಂದ. ಅಷ್ಟು ಜನರನ್ನು ಉಣ್ಣಲು ಕಳಿಸಿದವನು ತಾನು ಬಂದದ್ದು ಅದೇ ಮೊದಲು. ನೀರನ್ನೂ ಮುಟ್ಟಲಿಲ್ಲ. ತೆಲುಗಿನಲ್ಲಿ ಮೆತ್ತಗೆ ಮಾತಾಡಿದ. ಆಕೆ ಸಕ್ಕರೆ ಕಾಯಿಲೆ ಮುಚ್ಚಿಟ್ಟಳು, ಅದಕ್ಕೇ ಹೀಗಾಯಿತು, ನಿಮಗೂ ಹೇಳಿರಲಿಲ್ಲ ಅಲ್ಲವೇನಮ್ಮಾ ಅಂದ. ಕೇಳಿದ್ದಲ್ಲ ಅದು, ಕಲಿಸಿದ್ದು. ಆಕೆಯ ಗಂಡ ಬರುತ್ತಾನೆ, ಸಮಾಧಾನ ಹೇಳಿ ಅಂದ. ನಿಮ್ಮ ಹುಡುಗ ಮುಂದೆ ಬರುವವನು ಅಂದ. ಹೋದ.

ಬಸವಕಿರಣ ಅವ್ವನ ಎದುರು ನೆಲದ ಮೇಲೆ ಕೂತ.

"ಅವ್ವಾ, ನೀ ಸುಳ್ಳು ಹೇಳಬೇಕಾಗಿಲ್ಲ. ನನಗ ಗೊತ್ತಿಲ್ಲ ಅಂದ್ರ ಸಾಕು."

"ನನಗ ಗೊತ್ತೈತಲ್ಲೋ."

"ಗೊತ್ತಿದ್ದದ್ದಕ್ಕ ಸತ್ತಾಕಿ ಎದ್ದು ಬರ್ತಾಳೇನು? ನನ್ನ ನೌಕರಿ ಹೋಗ್ತೈತಿ. ಪೊಲೀಸರು ನನ್ನ ಕೇಳ್ತಾರ."

ಸೂಗಮ್ಮ ಗಂಡನ ಮುಖ ನೋಡಿದಳು. ಸದಾ ನಗಿಸುವ ಅಮೃತಪ್ಪ, ಮಗನೂ ನಿನ್ನವನು, ಮಾತೂ ನಿನ್ನದು, ನಾನೇನು ಹೇಳಲಿ ಅಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ದಿನೇಶ ಬಂದ. ಹೆಂಡತಿಯನ್ನು ಆಸ್ಪತ್ರೆಗೆ ಒಯ್ದ ಹೆಣ್ಣುಮಗಳಿಗೆ ಕೈಮುಗಿದು ಹೋಗಲು ಬಂದಿದ್ದ, ಅಷ್ಟೆ. ಸೂಗಮ್ಮ ನೀರು ಕೊಟ್ಟಳು. ಅವನು ಲೋಟ ಹಿಡಿದುಕೊಂಡೇ ಕೂತ. ಬಸವಕಿರಣ ಮೂಲೆಯಲ್ಲಿ ನಿಂತಿದ್ದ.

"ಸಕ್ಕರಿ ಇದ್ದದ್ದು ಯಾರಿಗೂ ಹೇಳಲಿಲ್ಲಂತ್ರಿ ಆಕಿ" ಅಂದ ದಿನೇಶ. "ಹತ್ತು ವರ್ಷ ಸೂಜಿ ತಗೊಂಡಾಕಿ. ಮಂದಿ ಮನಿಯಾಗ ಊಟಕ್ಕ ಕೂತ್ರೂ ಮೊದಲು ಅದನ್ನ ಹೇಳಾಕಿ. ಈಗ ಯಾಕ ಮುಚ್ಚಿಟ್ಲೋ, ನನಗ ತಿಳೀವಲ್ದು ಅವ್ವಾರ. ತನ್ನ ಜೀವಾ ತಾನ ಕಳಕೊಂಡ್ಲು."

ಹೆಂಡತಿ ಸತ್ತದ್ದಕ್ಕಿಂತ ಆ ಹೊತ್ತಿನಲ್ಲಿ ಅವನನ್ನು ಕೊರೆಯುತ್ತಿದ್ದದ್ದು ಅದು. ಸತ್ತವಳ ತಲೆಗೇ ಅವಳ ಸಾವನ್ನು ಕಟ್ಟಿದ್ದರು. ಅದನ್ನು ಬಿಚ್ಚಬಲ್ಲವಳು ಒಬ್ಬಳೇ.

"ಮುಚ್ಚಿಡಲಿಲ್ಲಪ್ಪ" ಅಂದಳು ಸೂಗಮ್ಮ. "ಇಲ್ಲೇ ಕೂತು ಹೇಳಿದ್ಲು. ನಾ ಇವನಿಗೆ ಹೇಳೀನಿ. ಇವ ನನ್ನ ಮಗ."

ದಿನೇಶ ಮೂಲೆಯ ಕಡೆ ತಿರುಗಿದ. ಬಸವಕಿರಣನೂ ಸೂಗಮ್ಮನ ಹೊಟ್ಟೆಯವನೇ. ಅವನಿಗೂ ಮುಚ್ಚಿಡಲಾಗಲಿಲ್ಲ.

"ದೊಡ್ಡ ಡಾಕ್ಟರಿಗೆ ಹೇಳಿದ್ದೆ ಸರ್. ಟಿಕೆಟ್ ಐತಲ್ಲ, ಮುಗಿಸಿಬಿಡೂಣು ಅಂದ್ರು."

ಇಷ್ಟು. ಇದಕ್ಕೆ ಏನು ಫಲ ಬಂತು ಅಂತ ಕೇಳುತ್ತೀರಿ. ದಿನೇಶ ದೂರು ಕೊಟ್ಟು, ರಜೆ ಮುಗಿದು ಮಸ್ಕತ್ತಿಗೆ ಹೋದ. ದೂರು ಯಾವುದೋ ಮೇಜಿನ ಮೇಲೆ ಮಲಗಿದೆ. ಕ್ಲಿನಿಕ್ ಹೊಸ ಬಣ್ಣ ಹೊಡೆಸಿಕೊಂಡು ನಡೆಯುತ್ತಿದೆ. ಬಸವಕಿರಣನ ನೌಕರಿ ಅದೇ ವಾರ ಹೋಯಿತು. ಅವನು ಕೂಕಟ್‌ಪಲ್ಲಿಯಲ್ಲಿ ಗೆಳೆಯರ ರೂಮಿಗೆ ಹೊರಟು ನಿಂತಾಗ, ಅಡುಗೆ ಮಾಡೋ ಹೆಣ್ಣುಮಗಳು ಅಡುಗೆ ಮಾಡಿಕೊಂಡು ಇರಬೇಕಿತ್ತು ಅಂತ ಅವ್ವನಿಗೆ ಹೇಳಿ ಹೋದನಂತೆ. ವರ್ಷವಾಯಿತು, ಮನೆಯ ಊಟಕ್ಕೆ ಬಂದಿಲ್ಲ. ಇಲ್ಲಿಯ ಕನ್ನಡ ಸಂಘದ ಬಸವ ಜಯಂತಿಯ ಅಡುಗೆಗೆ ಅಷ್ಟು ವರ್ಷ ಸೂಗಮ್ಮನೇ ಮುಂದೆ ನಿಲ್ಲುತ್ತಿದ್ದಳು. ಈ ಸಲ ಕರೆಯಲಿಲ್ಲ. ತಾನಾಗಿ ಹೋದವಳನ್ನು ಕಂಡು ಪಾತ್ರೆ ತಿಕ್ಕುತ್ತಿದ್ದ ಹೆಂಗಸೊಬ್ಬಳು, "ಬಂದ್ಲು ನೋಡ್ರಿ ಹರಿಶ್ಚಂದ್ರನ ತಂಗಿ, ಹೆತ್ತ ಮಗನ ಅನ್ನಕ್ಕ ಮಣ್ಣು ಹಾಕಿದಾಕಿ" ಅಂದಳು. ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ಸಂಘದ ಹಿರಿಯರು, ಇದನ್ನು ಬರೆದು ನಮ್ಮವರ ಮರ್ಯಾದೆ ಕಳೆಯಬೇಡಿ ಅಂತ ನನಗೂ ಹೇಳಿ ಕಳಿಸಿದ್ದಾರೆ. ವಿಜಯಶ್ರೀ ಯಾರವಳು ಸ್ವಾಮಿ? ಅವಳೂ ನಮ್ಮವಳೇ ಅಲ್ಲವೆ? ಸತ್ತ ಮೇಲೆ ಯಾರೂ ನಮ್ಮವರಲ್ಲವೋ?

ಬರೆಯುತ್ತೇನೆ ಅಂದಾಗ ಸೂಗಮ್ಮ ಬೇಡ ಅನ್ನಲಿಲ್ಲ.

"ಬರೀರಿ. ಆದ್ರ ನನ್ನ ಒಳ್ಳೇಕಿ ಮಾಡಬ್ಯಾಡ್ರಿ. ಆಕಿ ಕೇಳಬೇಕಂತ ಮಾಡಿದ್ದೆ ಅಂದಾಗ, ಹೋಗಿ ಕೇಳವ್ವ ಅನಬೇಕಿತ್ತು ನಾನು. ಬೆಣ್ಣಿ ಹಾಕಿದೆ."

ನಿಮ್ಮ ಮನೆಯಲ್ಲೂ ಒಬ್ಬರು ಇರುತ್ತಾರೆ. ಅಕ್ಕನೋ ಭಾವನೋ, ಮಸ್ಕತ್ತಿನಲ್ಲೋ ಡಲ್ಲಾಸಿನಲ್ಲೋ. ಬರುವ ರಜೆಗೆ ಊರಿಗೂ ಬಂದ ಹಾಗಾಯಿತು, ಹಲ್ಲೂ ಆಯಿತು ಅಂತ ಲೆಕ್ಕ ಹಾಕುತ್ತಿರುತ್ತಾರೆ. ಅಲ್ಲಿ ನಮ್ಮ ಕಡೆಯವರು ಯಾರಿದ್ದಾರೆ ಅಂತ ನಿಮ್ಮನ್ನು ವಿಚಾರಿಸಿಯೂ ಇರುತ್ತಾರೆ. ಈ ಪೇಪರು ಕೆಳಗಿಟ್ಟು ಅವರಿಗೆ ಫೋನು ಮಾಡಿ. ಕೊಯ್ಯುವ ಡಾಕ್ಟರ ಹೆಸರು ಕೇಳು, ಆತ ಮರುದಿನವೂ ಊರಲ್ಲಿರುತ್ತಾನಾ ಕೇಳು, ನಿನ್ನ ಕಾಯಿಲೆ ಏನೇನು ಅಂತ ಅವರು ಕೇಳುತ್ತಾರಾ ನೋಡು, ಗಾಯ ಒಣಗುವ ತನಕ ಮರಳುವ ಟಿಕೆಟ್ ತೆಗೆಯಬೇಡ ಅನ್ನಿ. ಉತ್ತರ ಕೊಡದ ಕಡೆ, ಯಾರ ಮನೆಯ ಉಪ್ಪು ಉಂಡಿದ್ದರೂ ಸರಿ, ಖುರ್ಚಿಯಿಂದ ಎದ್ದು ಬಾ ಅನ್ನಿ. ಇವತ್ತೇ ಅನ್ನಿ.